ಹೊಳೆಯಾಚೆಯ ಸಂತೆ

“ಸಾರಿಗೆ ಉಪ್ಪು ಹಾಕಿದ್ದೀಯೋ, ಮೈ ಬೆವರು ಹಿಂಡಿದ್ದೀಯೋ, ಹಾಳು ಮುಂಡೇದೆ?”

ಮಿಸೆಸ್ ಕಾರ್ಬಿನ್ ಚಮಚವನ್ನು ಬಟ್ಟಲಿಗೆ ಬಿಸಾಡಿದ ರಭಸಕ್ಕೆ ಆಮೆಸಾರು ಮೇಜಿನ ಬಿಳಿ ಬಟ್ಟೆಗೆ ಸಿಡಿಯಿತು. ಡೆಲ್ಫಿಯ ಕಣ್ಣು ಮೊದಲು ಹೋದದ್ದು ಆ ಕಲೆಯ ಮೇಲೆ. ನಾಳೆ ಬೂದಿನೀರಲ್ಲಿ ಅದನ್ನು ತಿಕ್ಕುವವಳೂ ಅವಳೇ. “ತಪ್ಪಾಯ್ತು ಅಮ್ಮಾರೆ,” ಎಂದು ಬಟ್ಟಲು ಎತ್ತಿಕೊಂಡಳು. ಉಪ್ಪು ಹದವಾಗಿಯೇ ಇತ್ತು. ಅಡುಗೆಮನೆಗೆ ಹೋಗಿ ಒಲೆಯ ಮುಂದೆ ತುಸು ಹೊತ್ತು ಸುಮ್ಮನೆ ನಿಂತು, ಅದೇ ಸಾರನ್ನು ಅದೇ ಬಟ್ಟಲಲ್ಲಿ ವಾಪಸು ತಂದಿಟ್ಟಳು. ಒಡತಿ ಹೀರಿ ನೋಡಿ, “ಹೂಂ, ಈಗ ಬಾಯಿಗೆ ಬಂತು,” ಎಂದಳು.

ವಾಷಿಂಗ್ಟನ್ನಿನ ದಿನ್ನೆಯ ಮೇಲೆ ದೇಶದ ದೊಡ್ಡಸಭೆ, ದಿನ್ನೆಯ ಬುಡದಲ್ಲಿ ವಿಧವೆ ಕಾರ್ಬಿನ್ನಳ ವಸತಿಮನೆ. ಸಭೆಗೆಂದು ದೂರದೂರದಿಂದ ಬಂದವರು ಅಲ್ಲಿ ಉಂಡು ಮಲಗುತ್ತಿದ್ದರು. ಆ ವರ್ಷ ಬೇಸಿಗೆ ಕಳೆಯುತ್ತ ಬಂದರೂ ಸಭೆ ಮುಗಿಯುವ ಲಕ್ಷಣವೇ ಇರಲಿಲ್ಲ. ಹೊಸದಾಗಿ ಸೇರಿದ ಸೀಮೆಗಳಿಗೆ ಗುಲಾಮರನ್ನು ಕೊಂಡೊಯ್ದೇ ತೀರುತ್ತೇವೆ ಎಂದು ತೆಂಕಣದವರು, ಬಿಡುವುದಿಲ್ಲ ಎಂದು ಬಡಗಣದವರು. ದೇಶ ಎರಡು ಹೋಳಾಯಿತು, ಇನ್ನು ರಕ್ತವೇ ಹರಿಯುವುದು ಎಂದು ಹಗಲೆಲ್ಲ ಅಲ್ಲಿ ಗಂಟಲು ಹರಿದುಕೊಂಡವರು ಮೂರು ಗಂಟೆಯ ಊಟಕ್ಕೆ ಇಲ್ಲಿ ಬಂದು ಒಂದೇ ಬಾತುಕೋಳಿಯ ಎರಡು ತೊಡೆಗಳನ್ನು ಹಂಚಿಕೊಂಡು ತಿನ್ನುತ್ತಿದ್ದರು. ಜಾರ್ಜಿಯಾದ ಕರ್ನಲ್ ಮ್ಯಾಬ್ರಿ ಮೇಜಿನ ಒಂದು ತುದಿಗೆ, ಬಾಸ್ಟನ್ ಕಡೆಯ ಥ್ಯಾಕ್ಸ್ಟರ್ ಇನ್ನೊಂದು ತುದಿಗೆ. ಥ್ಯಾಕ್ಸ್ಟರ್‌ಗೆ ಹೊಟ್ಟೆ ಸರಿಯಿಲ್ಲ. ಅವನಿಗಾಗಿ ಬೇರೆಯಾಗಿ ತವುಡಿನ ರೊಟ್ಟಿ ಸುಡಬೇಕು. ಆದರೆ ಅವನೊಬ್ಬನೇ ರೊಟ್ಟಿ ಬಡಿಸಿದಾಗ ಡೆಲ್ಫಿಯ ಮುಖ ನೋಡಿ “ಆಗಲಮ್ಮ” ಅನ್ನುತ್ತಿದ್ದ.

ಮೇಜಿನ ಮಗ್ಗುಲಲ್ಲಿ ನವಿಲುಗರಿಯ ಬೀಸಣಿಗೆ ಹಿಡಿದು ನೊಣ ಓಡಿಸುತ್ತ ನಿಂತವಳು ಡೆಲ್ಫಿಯ ಮಗಳು ಸೂಕಿ. ಆ ವರ್ಷವೇ ಮೈನೆರೆದಿದ್ದಳು.

“ಬಾರೇ ಇಲ್ಲಿ,” ಎಂದ ಕರ್ನಲ್. “ಬಾಯಿ ತೆಗಿ.”

ಸೂಕಿ ಅವ್ವನ ಕಡೆ ನೋಡಿದಳು. ಡೆಲ್ಫಿ ನೆಲ ನೋಡಿದಳು. ಹುಡುಗಿ ಬಾಯಿ ತೆರೆದಳು. ಬಾತಿನ ಜಿಡ್ಡು ಹತ್ತಿದ ಹೆಬ್ಬೆರಳನ್ನು ಕರ್ನಲ್ ಅವಳ ಕೆನ್ನೆಯೊಳಕ್ಕೆ ತೂರಿಸಿ ತುಟಿಯನ್ನು ಎತ್ತಿ ಹಿಡಿದ. “ನೋಡಿ ಥ್ಯಾಕ್ಸ್ಟರ್, ನಿಮ್ಮೂರಲ್ಲಿ ಕುದುರೆಗೂ ಇಂಥ ಹಲ್ಲಿರೋಲ್ಲ. ನೀವು ಇವರನ್ನ ಕಂಡು ಮರುಗ್ತೀರಿ. ನಾವು ನೋಡಿ, ಹಲ್ಲು ಬೀಳದ ಹಾಗೆ ಸಾಕಿದ್ದೀವಿ.”

ಥ್ಯಾಕ್ಸ್ಟರ್ ತಟ್ಟೆಯಿಂದ ಕಣ್ಣೆತ್ತಲಿಲ್ಲ. “ಊಟದ ಹೊತ್ತಲ್ಲಿ ಬೇಡ ಕರ್ನಲ್,” ಎಂದ. “ನನ್ನ ಹೊಟ್ಟೆ ಮೊದಲೇ ನಾಜೂಕು.”

ಕರ್ನಲ್ ನಗುತ್ತ ಬೆರಳನ್ನು ಹುಡುಗಿಯ ಭುಜದ ಬಟ್ಟೆಗೆ ಒರೆಸಿದ. ಸೂಕಿ ಮತ್ತೆ ಬೀಸಣಿಗೆ ಎತ್ತಿಕೊಂಡಳು.

ಕುರ್ಚಿಯ ಹಿಂದೆ ನಿಲ್ಲುವವರಿಗೆ ಒಂದು ನಂಬಿಕೆ ಇರುತ್ತದೆ. ಪಾದ್ರಿ ಹೇಳುವುದು ಸುಳ್ಳಾಗಬಹುದು, ಒಡತಿ ಕೊಡುವ ಮಾತು ಸುಳ್ಳಾಗಬಹುದು. ಆದರೆ ದೊಡ್ಡವರು ಉಣ್ಣುತ್ತ ತಮ್ಮ ತಮ್ಮಲ್ಲೇ ಆಡುವ ಮಾತು ಸುಳ್ಳಾಗದು. ಅಲ್ಲಿ ಯಾರನ್ನು ಮೆಚ್ಚಿಸಬೇಕಾಗಿದೆ? ಹಿಂದೆ ನಿಂತವರು ಅವರ ಲೆಕ್ಕದಲ್ಲಿ ಗೋಡೆ, ಬಾಗಿಲು. ಯಾರಿಗೆ ಯಾವ ಊರು, ಯಾರನ್ನು ಯಾವಾಗ ಮಾರುತ್ತಾರೆ ಎಂಬುದೆಲ್ಲ ಡೆಲ್ಫಿಗೆ ಮೊದಲು ಗೊತ್ತಾಗುತ್ತಿದ್ದದ್ದು ಹೀಗೆಯೇ. ಅವಳ ಗಂಡುಮಕ್ಕಳಿಬ್ಬರ ಸುದ್ದಿಯೂ ಒಂದೊಂದು ಊಟದ ನಡುವೆಯೇ ಬಂದಿತ್ತು. ದಿನ್ನೆಯ ಕೆಳಗೆ, ಎತ್ತರದ ಬೇಲಿಯ ಕಾಂಪೌಂಡಿನೊಳಗೆ ಒಂದು ಇಟ್ಟಿಗೆ ಮನೆ. ಮಾರಲಿರುವ ಗುಲಾಮರನ್ನು ಕೂಡಿಡುವ ಜಾಗ. ಇಬ್ಬರೂ ಅದರ ಬಾಗಿಲು ದಾಟಿದವರು ಮತ್ತೆ ಕಾಣಲಿಲ್ಲ. ಉಳಿದವಳು ಸೂಕಿ ಒಬ್ಬಳು.

ಆವತ್ತು ಥ್ಯಾಕ್ಸ್ಟರ್ ರೊಟ್ಟಿ ಮುರಿಯುತ್ತ ಹೇಳಿದ: “ಓಡಿಬಂದ ಆಳುಗಳನ್ನ ನಮ್ಮ ಕಡೆಯವರು ಹಿಡಿದು ನಿಮಗೆ ಒಪ್ಪಿಸ್ತಾರೆ. ಬಾಸ್ಟನ್ನಲ್ಲೇ ಅಡಗಿದ್ದರೂ ಸರಿ. ಅಷ್ಟು ನಾವು ನುಂಗಿಕೊಳ್ತೀವಿ. ಆದರೆ ಈ ಊರಲ್ಲಿ ಜನರನ್ನ ಮಾರೋ ಸಂತೆ ನಿಲ್ಲಬೇಕು. ಪರದೇಶದವರು ಸಭೆಯ ಕಿಟಕಿಯಿಂದ ನೋಡ್ತಾರೆ. ನಾಚಿಕೆಯಾಗುತ್ತೆ.”

“ನಿಲ್ಲಿಸೋಣ,” ಎಂದ ಕರ್ನಲ್. “ನಿಮ್ಮ ನಾಚಿಕೆ ಎಷ್ಟು ದೂರ ಕಾಣುತ್ತೆ ಅಷ್ಟು ದೂರ ನಿಲ್ಲಿಸೋಣ.”

ಡೆಲ್ಫಿ ತಟ್ಟೆಗಳನ್ನು ಎತ್ತಿಕೊಂಡು ಹೊರಬಂದಳು. ಪೀಚಿನ ಕಡುಬು ತೆಗೆದುಕೊಂಡು ಮರಳಿದಾಗ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

*

ಶೇಡ್ರಿಕ್ ತಿನ್ನುವ ಸಿಂಪಿ, ಚಿಪ್ಪುಮೀನು ಮಾರುವವ. ಬಿಡುಗಡೆಯ ಕಾಗದ ಜೇಬಲ್ಲಿದ್ದ ಕರಿಯ. ಆ ಸಂಜೆಯೇ ತಳ್ಳುಗಾಡಿಯನ್ನು ಹಿತ್ತಲ ಗೇಟಿಗೆ ಒರಗಿಸಿ, ಡೆಲ್ಫಿ ಸಿಂಪಿ ಆರಿಸುವ ನೆಪದಲ್ಲಿ ಬಗ್ಗಿದಾಗ ಪಿಸುಗುಟ್ಟಿದ: “ಶನಿವಾರ ಬಡಗಲ ಕಡೀಕೆ ದೋಣಿ ಹೊರಡ್ತದೆ ಡೆಲ್ಫಕ್ಕ. ಬುಟ್ಟಿಗಳ ಅಡಿಗೆ ಮಲಗಿಸ್ಕಂಡು ಹೋಗ್ತನೆ. ಮಗೀನ ಬೆಚ್ಚಗೆ ಉಡಿಸಿ ಕಳುಸು. ಕೆಮ್ಮಬ್ಯಾಡ ಅಂತ ಹೇಳು.”

ಈ ಮಾತಿಗಾಗಿ ಡೆಲ್ಫಿ ಎರಡು ತಿಂಗಳಿಂದ ಕಾದಿದ್ದಳು. ಒಂದು ಸಿಂಪಿ ಎತ್ತಿ ಮೂಸಿ ಕೆಳಗಿಟ್ಟಳು.

“ಬ್ಯಾಡ ಕಣಣ್ಣ.”

“ಏನು ಬ್ಯಾಡ?”

“ದೋಣಿ ಬ್ಯಾಡ. ಈ ಊರಲ್ಲಿ ಇನ್ನು ಯಾರ್ನೂ ಮಾರಂಗಿಲ್ವಂತೆ. ನನ್ ಕಿವೀಲಿ ಕೇಳಿವ್ನಿ. ಇಬ್ರೂ ಒಪ್ಕಂಡ್ರು. ನೀನು ಕರ್ಕಂಡು ಹೋಗೋ ಕಡೇಲೇ ಹಿಡ್ದು ಕೊಡ್ತಾರಂತೆ. ಅಂಗಿರುವಾಗ ಕೈಲಿರೋ ಮಗೀನ ಹೊಳೆಗೆ ಎಸೀಲಾ?”

ಶೇಡ್ರಿಕ್ ಟೋಪಿ ತೆಗೆದು ತಲೆ ಕೆರೆದುಕೊಂಡ. “ಬಿಳೀ ನನ್ಮಕ್ಳು ಉಣ್ಣೋವಾಗ ಆಡಿದ್ದಕ್ಕೆ ದೋಣಿ ಬಿಡ್ತೀಯ? ತೇಗಿದ ಮ್ಯಾಕೆ ಮರ್ತೋಯ್ತದೆ ಅವ್ಕೆ.”

“ಉಣ್ಣೋವಾಗ ಆಡಿದ್ದೇ ದಿಟ. ಸಭೇಲಿ ಆಡೋದು ಸುಳ್ಳು. ಹದಿನೇಳು ವರ್ಸ ಕುರ್ಚಿ ಹಿಂದೆ ನಿಂತಿವ್ನಿ. ನಿಂಗೇನು ಗೊತ್ತು, ನೀನು ಸಿಂಪಿ ಮಾರೋನು.”

“ಆಯ್ತು ಬಿಡಕ್ಕ. ನಿನ್ ಹೊಟ್ಟೆ, ನಿನ್ ಮಗ್ಳು,” ಎಂದು ಅವನು ಗಾಡಿ ತಳ್ಳಿದ. ದೋಣಿಯಲ್ಲಿನ ಆ ಜಾಗ ಬೇರೆ ಯಾರಿಗೋ ಸಿಕ್ಕಿತು.

ಆ ರಾತ್ರಿ ಪಾತ್ರೆ ತೊಳೆಯುವಾಗ ಸೂಕಿ ಕೇಳಿದಳು: “ಅವ್ವ, ನೀನು ಒಳೀಕೆ ಹೋದಾಗ ಅವ್ರು ಅಷ್ಟು ನಕ್ರಲ್ಲ, ಯಾಕೆ?”

“ಏನಾರ ಅಂದ್ರಾ?”

“ಇಲ್ಲ. ಕರ್ನಲ್ಲು ಬೆಳ್ಳು ಮಾಡಿ ಕಿಟಕಿ ಆಚೆ ತೋರ್ಸಿದ. ಹೊಳೆ ಕಡೀಕೆ. ಅಷ್ಟೇ.”

“ಉಂಡ ಮ್ಯಾಲೆ ನಗ್ತವೆ. ಹಂದಿಗಳೂ ಉಂಡ ಮ್ಯಾಲೆ ಗುರ್‌ಗುಟ್ತವೆ. ಬಟ್ಲು ತಿಕ್ಕು ನೀನು,” ಎಂದಳು ಡೆಲ್ಫಿ. ಮಗಳು ನಕ್ಕಳು. ತಾನೂ ನಕ್ಕಳು. ಎಷ್ಟೋ ಕಾಲದ ಮೇಲೆ ಆ ವಾರ ಅವಳಿಗೆ ನಿದ್ದೆ ಬಂತು. ಮಗಳು ದೊಡ್ಡವಳಾಗುವುದನ್ನು ನೋಡಬಹುದು ಎಂಬ ಯೋಚನೆ ಹೊಸ ಚಪ್ಪಲಿಯ ಹಾಗೆ ಮೊದಮೊದಲು ಕಚ್ಚಿ, ಆಮೇಲೆ ಒಗ್ಗಿಬಿಟ್ಟಿತು.

*

ಸಭೆಯಲ್ಲಿ ಎಲ್ಲ ಒಪ್ಪಂದವೂ ಮುಗಿಯಿತೆಂದು ಒಂದು ಬೆಳಿಗ್ಗೆ ದಿನ್ನೆಯ ಕೆಳಗೆ ಫಿರಂಗಿ ಹಾರಿಸತೊಡಗಿದರು. ಪ್ರತಿ ಸದ್ದಿಗೂ ಕಪಾಟಿನ ಗಾಜಿನ ಲೋಟಗಳು ಒಂದಕ್ಕೊಂದು ತಾಗಿ ಝಣ್ ಎನ್ನುತ್ತಿದ್ದವು. ಕಾರ್ಬಿನಮ್ಮ ಅಡುಗೆಮನೆಗೆ ಬಂದು ಎಂದೂ ಇಲ್ಲದ ಹಗುರ ದನಿಯಲ್ಲಿ, “ಸೂಕೀನ ಚೆನ್ನಾಗಿ ತೊಳೆದು ಒಗೆದ ಬಟ್ಟೆ ಹಾಕೇ. ಅಲೆಕ್ಸಾಂಡ್ರಿಯಾದಲ್ಲಿ ನನ್ನ ತಂಗಿಗೆ ಪೀಚಿನ ಮುರಬ್ಬ ಕಳಿಸಬೇಕು. ಕರ್ನಲ್ ಅವರ ಬಂಡಿ ಆ ಕಡೆ ಹೊರಟಿದೆ,” ಎಂದಳು.

ಡೆಲ್ಫಿ ಮಗಳ ಬೆನ್ನುಜ್ಜಿದಳು. ಕೂದಲನ್ನು ಬಿಗಿಯಾಗಿ ಹೆಣೆದು ಮೇಲೆ ತನ್ನದೇ ನೀಲಿ ತಲೆವಸ್ತ್ರ ಕಟ್ಟಿದಳು. ಒಣಗಿದ ಮೊಣಕೈಗೆ ಹಂದಿಕೊಬ್ಬು ಸವರಿ ಹೊಳೆಯುವಂತೆ ಮಾಡಿದಳು. ಬಂಡಿಯಲ್ಲಿ ಕೂತು ಗೊತ್ತಿಲ್ಲದ ಹುಡುಗಿ ಮುರಬ್ಬದ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಅಮ್ಮಾವ್ರ ಹಾಗೆ ಕತ್ತು ನೀಳ ಮಾಡಿ, “ಹೋಗಿಬರ್ತೀನಿ ಕಣೇ ಡೆಲ್ಫಿ,” ಎಂದು ಕಾರ್ಬಿನಮ್ಮನ ರಾಗದಲ್ಲೇ ಅಣಕಿಸಿದಳು.

“ಬಾಯ್ ಮುಚ್ಕಂಡು ಕೂತ್ಕೊ, ಕೇಳಿಸ್ಕಂಡಾಳು. ಜಾಡಿ ಒಡೆದೀಯ, ಉಸಾರು,” ಎಂದಳು ಡೆಲ್ಫಿ. ಬಂಡಿ ತಿರುವು ದಾಟಿತು.

ನೀರಿಗೆಂದು ಬೀದಿಕೊನೆಯ ಪಂಪಿಗೆ ಹೋದಾಗ ಇಟ್ಟಿಗೆ ಮನೆಯ ದೊಡ್ಡ ಬಾಗಿಲು ತೆರೆದಿತ್ತು. ಒಳಗಿನಿಂದ ಜನ ಬರುತ್ತಿದ್ದರು. ಡೆಲ್ಫಿಯ ಎದೆ ಹಾರಿತು. ಬಿಟ್ಟರು, ಸಂತೆ ಮುಚ್ಚಿ ಎಲ್ಲರನ್ನೂ ಬಿಟ್ಟರು ಎಂದುಕೊಂಡಳು. ಆಮೇಲೆ ಸರಪಳಿಯ ಸದ್ದು ಕೇಳಿಸಿತು. ಇಬ್ಬಿಬ್ಬರ ಮಣಿಕಟ್ಟಿಗೆ ಒಂದೊಂದು ಕೋಳ, ನಡುವೆ ಉದ್ದಕ್ಕೆ ಒಂದು ಸರಪಳಿ. ಕುದುರೆ ಮೇಲಿದ್ದವನು ಅವರನ್ನು ಸೇತುವೆಯ ಕಡೆ ಹೊಡೆಯುತ್ತಿದ್ದ.

ಡೆಲ್ಫಿ ಕೊಡಪಾನ ಹಿಡಿದೇ ಪಕ್ಕದಲ್ಲಿ ನಡೆದಳು. “ಎಲ್ಲೀಗವ್ವಾ?” ಎಂದು ಸರಪಳಿಯಲ್ಲಿದ್ದ ಒಬ್ಬ ಮುದುಕಿಯನ್ನು ಕೇಳಿದಳು.

“ಹೊಳೆ ಆಚೀಗೆ. ಅಲೆಕ್ಸಾಂಡ್ರಿಯಾಕೆ. ಈ ಊರ್ ಕಾನೂನು ಅಲ್ಲಿಗಿಲ್ವಂತೆ. ನಮ್ ದಣಿ ಮೊನ್ನೇನೇ ಅಲ್ಲಿ ಇನ್ನೂ ದೊಡ್ಡ ಮನೆ ಹಿಡ್ದವ್ನೆ.” ಮುದುಕಿ ಕ್ಯಾಕರಿಸಿ ಉಗಿದಳು. “ದೊಡ್ಡೋರಿಗೆ ನಮ್ ಮಾರೋದು ಕಾಣ್‌ಬಾರ್ದಂತೆ ಕಣವ್ವ. ಅದಕ್ಕೆ ಮರೆಗೆ ಕರ್ಕೊಂಡೋಯ್ತವ್ರೆ, ಹೇಲಕ್ಕೆ ಹೋದಂಗೆ.”

ಕೊಡಪಾನ ಅಲ್ಲೇ ಬಿತ್ತು. ಡೆಲ್ಫಿ ಸೇತುವೆಯವರೆಗೆ ಓಡಿದಳು. ಕಾವಲಿನವನು ಕೋಲು ಅಡ್ಡ ಹಿಡಿದ. “ಒಡೆಯರ ಚೀಟಿ ಎಲ್ಲಿ?”

“ನನ್ ಮಗ್ಳು ಬಂಡೀಲಿ ಹೋದ್ಲು ಬುದ್ದಿ. ನೀಲಿ ತಲೆವಸ್ತ್ರ.”

“ಚೀಟಿ ಇಲ್ದೆ ಸೇತುವೆ ಮೇಲೆ ಕಾಲಿಟ್ರೆ ಆ ಸರಪಳೀಲೇ ಸೇರಿಸ್ತೀನಿ.”

ಸೇರಿಸು ಎನ್ನಬೇಕಿತ್ತು. ಆಮೇಲೆ ಅವಳಿಗೆ ಅದೇ ಕೊರಗಾಯಿತು. ಆದರೆ ಆ ಗಳಿಗೆಯಲ್ಲಿ ಕಾಲು ತಾನಾಗಿ ಹಿಂದೆ ಸರಿದಿತ್ತು. ಹುಟ್ಟಿದಂದಿನಿಂದ ಕಲಿಸಿದ ಪಾಠ ಅದು.

*

ಮಧ್ಯಾಹ್ನ ಬಂಡಿ ಮರಳಿತು. ಸೂಕಿ ಕೂತಿದ್ದ ಜಾಗದಲ್ಲಿ ಗೋಣಿ ಸುತ್ತಿದ ಜಮಖಾನದ ಸುರುಳಿ ಇತ್ತು.

“ಎಳೆದುಕೊಂಡು ಬಾ, ಹಜಾರಕ್ಕೆ ಹಾಸು,” ಎಂದಳು ಕಾರ್ಬಿನಮ್ಮ. “ಮಡಿಕೆ ಹೋಗೋ ಹಾಗೆ ಮಂಡಿಯೂರಿ ಒತ್ತು. ಹಳೇದು ನೋಡಿ ಸಭೆಯವರು ಮೂಗು ಮುರೀತಿದ್ರು.”

“ಸೂಕಿ ಎಲ್ಲಿ ಅಮ್ಮಾರೆ?”

“ಒಳ್ಳೆ ಕಡೆ ಸೇರಿದ್ದಾಳೆ. ನ್ಯೂ ಆರ್ಲಿಯನ್ಸ್ ಕಡೆಯವರು ಹುಡುಕ್ತಿದ್ರಂತೆ.”

“ಉಣ್ಣೋವಾಗ ಮಾತಾಗಿತ್ತು. ಈ ಊರಲ್ಲಿ ಮಾರಂಗಿಲ್ಲ ಅಂದ್ರು. ನಾನು ಕೇಳಿಸ್ಕಂಡಿವ್ನಿ.”

ಒಡತಿಯ ಕೈ ಅವಳ ಕೆನ್ನೆಗೆ ಬಿತ್ತು. “ಊಟಕ್ಕೆ ಬಂದವರ ಮಾತಿಗೆ ಕಿವಿ ಕೊಡ್ತೀಯಾ, ಕಳ್ಳ ಸೂಳೆ? ಈ ಊರಲ್ಲಿ ಮಾರಿದೆನಾ? ಹೇಳು, ಮಾರಿದೆನಾ? ಗಂಡ ಸತ್ತ ಹೆಂಗಸು ನಾನು, ಕಾನೂನಿಗೆ ಹೆದರಿ ನಡೆಯೋಳು. ಅದಕ್ಕೇ ಹೊಳೆ ದಾಟಿಸಿ ಕಳಿಸಿದೆ.”

ಡೆಲ್ಫಿ ಜಮಖಾನ ಬಿಚ್ಚಿದಳು. ಕೆಂಪು ಹೂವು, ಹಸಿರು ಬಳ್ಳಿ. ಮಂಡಿಯೂರಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒತ್ತುತ್ತ ಹೋದಳು. ಕರ್ನಲ್ ಒಳಬಂದು, ಬೂಟುಗಾಲನ್ನು ಅವಳು ಒತ್ತಿದ ಕಡೆಯೇ ಇಟ್ಟು, “ಮೆತ್ತಗಿದೆ,” ಎಂದ.

ಥ್ಯಾಕ್ಸ್ಟರ್ ಮಹಡಿಯ ತನ್ನ ಕೋಣೆಯಲ್ಲಿ ಫಿರಂಗಿಯ ಸದ್ದಿಗೆ ಕಿವಿಗೆ ಹತ್ತಿ ತುರುಕಿಕೊಂಡು ಕೂತಿದ್ದ. ಡೆಲ್ಫಿ ಬಾಗಿಲಲ್ಲಿ ನಿಂತಾಗ ಒಂದು ಕಿವಿಯ ಹತ್ತಿ ತೆಗೆದ.

“ಬುದ್ದಿ, ನನ್ ಮಗೀನ ಮಾರ್ಬಿಟ್ರು. ನೀವು ಹೇಳಿದ್ರೆ ಅಮ್ಮಾರು ಕೇಳ್ತಾರೆ. ದೊಡ್ಡಸಭೆಯೋರು ನೀವು.”

ಅವನ ಮುಖ ನಿಜವಾಗಿಯೂ ಬಾಡಿತು. ಅದನ್ನು ಅವಳು ಕಂಡಳು. “ಅಯ್ಯೋ ಪಾಪ,” ಎಂದ. “ಆದರೆ ಅಲೆಕ್ಸಾಂಡ್ರಿಯಾ ವರ್ಜೀನಿಯಾದ ನೆಲ ಕಣಮ್ಮ. ಅಲ್ಲಿ ನಮ್ಮ ಕೈ ಸಾಗೋಲ್ಲ.”

“ಅದು ನಿಮ್ಗೆ ಆವತ್ತೇ ಗೊತ್ತಿತ್ತಾ?”

ಅವನು ಹತ್ತಿಯ ಉಂಡೆಯನ್ನು ಬೆರಳಲ್ಲಿ ಹೊರಳಿಸಿದ. “ದೊಡ್ಡದನ್ನ ನೋಡಬೇಕು. ಅಣ್ಣತಮ್ಮಂದಿರು ಬಂದೂಕು ಹಿಡಿದು ಹೊಡೆದಾಡಿ ಸಾಯೋದು ತಪ್ಪಿತು. ದೇಶ ಉಳೀತು. ಇಂಥದ್ದರಲ್ಲಿ ಎಲ್ಲರೂ ಏನಾದರೊಂದು ಕಳ್ಕೋಬೇಕಾಗುತ್ತೆ.”

“ನೀವೇನು ಕಳ್ಕಂಡ್ರಿ ಬುದ್ದಿ?”

ಅವನು ಯೋಚಿಸಿದ. ಉತ್ತರ ಹುಡುಕಲು ಅವನು ನಿಜಕ್ಕೂ ಪ್ರಯತ್ನಪಟ್ಟ. “ನಮ್ಮೂರಿನ ಪತ್ರಿಕೆಯವರು ನನ್ನನ್ನ ಹೇಗೆ ಬೈತಿದ್ದಾರೆ ಅಂತ ನಿನಗೆ ಗೊತ್ತಿಲ್ಲ,” ಎಂದ ಕೊನೆಗೆ. ಮತ್ತೆ, ಮೆಲ್ಲಗೆ, “ಸ್ವಲ್ಪ ಬಿಸಿಹಾಲು ಸಿಕ್ಕುತ್ತಾ ನೋಡಮ್ಮ. ಹೊಟ್ಟೆ ಉರೀತಿದೆ.”

ಡೆಲ್ಫಿ ಹಾಲು ಕಾಯಿಸಿ ತಂದುಕೊಟ್ಟಳು. ಅವನು “ಆಗಲಮ್ಮ” ಎಂದ.

*

ಹೀಗೆ ಏನನ್ನಾದರೂ ಗೆದ್ದ ದಿನ ಸಂಜೆ ಮನೆಮನೆಗೂ ದೀಪ ಹಚ್ಚುವುದು ಆ ಊರಿನ ಪದ್ಧತಿ. ಬೀದಿಗೆ ಮುಖ ಮಾಡಿದ ಕಿಟಕಿಗಳ ಒಂದೊಂದು ಗಾಜಿನ ಹಿಂದೆಯೂ ಒಂದೊಂದು ಮೇಣದಬತ್ತಿ. ವಾದ್ಯ ಬಾರಿಸುತ್ತ ಮೆರವಣಿಗೆ ಬೀದಿಬೀದಿ ಸುತ್ತುತ್ತದೆ. ದೀಪವಿಲ್ಲದ ಮನೆ ಕಂಡರೆ ವಿರೋಧಿಗಳ ಮನೆಯೆಂದು ಕಲ್ಲು ತೂರುವುದೂ ಪದ್ಧತಿಯೇ.

“ಮಹಡಿಗೆಲ್ಲ ಹಚ್ಚು. ಕೆಳಗೆ ಬೇಡ, ಹೊಸ ಜಮಖಾನಕ್ಕೆ ಮೇಣ ಬೀಳುತ್ತೆ,” ಎಂದಳು ಕಾರ್ಬಿನಮ್ಮ. ಡೆಲ್ಫಿ ಆಲೂಗಡ್ಡೆಗಳನ್ನು ಅರ್ಧಕ್ಕೆ ಕೊಯ್ದು, ನಡುವೆ ತೂತು ಕೊರೆದು, ಬತ್ತಿ ನೆಟ್ಟು, ಮಹಡಿಯ ಮೂರೂ ಕೋಣೆಗಳ ಕಿಟಕಿಗಳಲ್ಲಿ ಸಾಲಾಗಿಟ್ಟಳು. ಕಡ್ಡಿ ಗೀರಿ ಒಂದೊಂದನ್ನೇ ಹಚ್ಚಿದಳು. ಈ ಕೆಲಸಕ್ಕೆ ಯಾವಾಗಲೂ ಇಬ್ಬರಿರುತ್ತಿದ್ದರು. ಆಲೂಗಡ್ಡೆ ಉರುಳದಂತೆ ಸೂಕಿ ಹಿಡಿದುಕೊಳ್ಳುತ್ತಿದ್ದಳು.

ಒಡತಿ, ಕರ್ನಲ್, ಥ್ಯಾಕ್ಸ್ಟರ್ ಮೂವರೂ ಕೆಳಗೆ ಜಗಲಿಯಲ್ಲಿ ಕುರ್ಚಿ ಹಾಕಿ ಕೂತಿದ್ದರು. ಮೆರವಣಿಗೆ ಮನೆ ಮುಂದೆ ನಿಂತು ಇಬ್ಬರಿಗೂ ಜೈಕಾರ ಹಾಕುತ್ತದೆ, ಇಬ್ಬರೂ ಎರಡೆರಡು ಮಾತಾಡಬೇಕು ಎಂಬುದು ಅವರ ಲೆಕ್ಕ. ಕರ್ನಲ್ ಮಾತನ್ನು ಬಾಯಿಪಾಠ ಮಾಡುತ್ತಿದ್ದದ್ದು ಮಹಡಿಗೂ ಕೇಳುತ್ತಿತ್ತು. ಜಗಲಿಗೆ ಚಾವಣಿ ಇತ್ತು. ಮೇಲಿನ ಕಿಟಕಿಗಳು ಅವರಿಗೆ ಕಾಣುತ್ತಿರಲಿಲ್ಲ.

ಬೀದಿಯ ಆ ತುದಿಯಲ್ಲಿ ತಮಟೆ ಕೇಳಿಸಿತು. ಡೆಲ್ಫಿ ಮೊದಲ ಕಿಟಕಿಯ ಮುಂದೆ ನಿಂತಿದ್ದಳು. ಮುಂಚೆಯೇ ಏನೂ ತೀರ್ಮಾನ ಮಾಡಿಕೊಂಡಿರಲಿಲ್ಲ. ಒಂದು ಬತ್ತಿ ಸೊಟ್ಟಗೆ ಉರಿಯುತ್ತಿತ್ತು. ಸರಿಮಾಡಲೆಂದು ಚಾಚಿದ ಕೈ ಅದರ ಕುಡಿಯನ್ನು ಹಿಡಿದು ಹೊಸಕಿತು. ಬೆರಳು ಚುರ್ ಎಂದಿತು. ಆ ನೋವು ಅವಳಿಗೆ ಹಿತವೆನಿಸಿತು. ಎರಡನೆಯದನ್ನು ಹೊಸಕಿದಳು. ಆಮೇಲೆ ಅವಸರ ಮಾಡದೆ, ಬದನೆಗಿಡದ ಹುಳ ಆರಿಸುವವಳ ಹಾಗೆ, ಕಿಟಕಿಯಿಂದ ಕಿಟಕಿಗೆ, ಕೋಣೆಯಿಂದ ಕೋಣೆಗೆ ಹೋದಳು. ಕೊನೆಗೆ ಥ್ಯಾಕ್ಸ್ಟರನ ಕೋಣೆಯಲ್ಲಿ ಮೂಲೆಯದೊಂದು ಉಳಿದಿತ್ತು. ಅದನ್ನೂ ಹೊಸಕಿದಳು.

ಸಾಲುಮನೆಗಳೆಲ್ಲ ಬೆಳಗುತ್ತಿದ್ದ ಬೀದಿಯಲ್ಲಿ ಆ ಮನೆ ಹಲ್ಲುದುರಿದ ಬಾಯಿಯಂತೆ ಕಪ್ಪಾಗಿ ನಿಂತಿತು. ತಮಟೆ ಹತ್ತಿರ ಬಂದು ತಟ್ಟನೆ ನಿಂತಿತು.

“ಯಾರದಯ್ಯಾ ಈ ಕತ್ತಲೆ ಮನೆ?”

“ಯಾವನೋ ಒಪ್ಪಂದ ಬೇಡ ಅನ್ನೋ ಬೋಳಿಮಗ.”

“ಇಲ್ಲೇ ಇದ್ದಾರೆ ನೋಡ್ರೋ, ಜಗಲೀಲಿ.”

ಕರ್ನಲ್ ಎದ್ದು ನಿಂತು, ಕೂಗು ತನಗೆ ಹಾಕಿದ ಜೈಕಾರವೇ ಎಂದುಕೊಂಡು, “ಮಹನೀಯರೇ,” ಎಂದು ಶುರುಮಾಡಿದ. ಮೊದಲ ಇಟ್ಟಿಗೆ ಚೂರು ಅವನಿಗೆ ಎಲ್ಲಿ ತಾಗಿತೋ ಡೆಲ್ಫಿಗೆ ಕಾಣಲಿಲ್ಲ. ದನಿ ಮಾತ್ರ ನಿಂತಿತು. ಎರಡನೆಯದು ಮಹಡಿಯ ಗಾಜು ಒಡೆದು ಹಾಸಿಗೆಯ ಮೇಲೆ ಬಿತ್ತು. ಆಮೇಲೆ ಎಣಿಸಲಾಗದಷ್ಟು. ಗಾಜು ಪುಡಿಪುಡಿಯಾಗಿ ಉದುರುವ ಸದ್ದಿನ ನಡುವೆ ಥ್ಯಾಕ್ಸ್ಟರನ ಕೀರಲು ದನಿ: “ನಾವು ನಿಮ್ಮವರೇ. ಒಪ್ಪಂದ ಮಾಡಿಸಿದವರೇ ನಾವು.” ಯಾರೋ ಗಹಗಹಿಸಿದರು. ಮತ್ತೆ ಕಲ್ಲು.

“ಡೆಲ್ಫೀ,” ಒಡತಿ ಮೆಟ್ಟಿಲ ಬುಡದಿಂದ ಅರಚಿದಳು. “ದೀಪ ಹಚ್ಚೇ. ಕೊಲ್ತಾರೆ ಕಣೇ ನಮ್ಮನ್ನ. ಹಚ್ಚೇ, ಅಮ್ಮಣ್ಣೀ, ಬೇಗ ಹಚ್ಚೇ.”

ಹದಿನೇಳು ವರ್ಷಗಳಲ್ಲಿ ಒಡತಿಯ ಬಾಯಲ್ಲಿ ‘ಅಮ್ಮಣ್ಣೀ’ ಎಂಬ ಕರೆಯನ್ನು ಅವಳು ಕೇಳಿರಲಿಲ್ಲ. ಕೈಯಲ್ಲಿ ಕಡ್ಡಿಪೆಟ್ಟಿಗೆ ಇತ್ತು. ಮಂಚದ ಕೆಳಗಿನಿಂದ ಥ್ಯಾಕ್ಸ್ಟರನ ಉಚ್ಚೆಯ ಪಾತ್ರೆಯನ್ನು ಕಾಲಲ್ಲಿ ಎಳೆದು, ಪೆಟ್ಟಿಗೆಯನ್ನು ತೆರೆದು, ಕಡ್ಡಿಗಳನ್ನೆಲ್ಲ ಅದಕ್ಕೆ ಸುರಿದಳು. ಆಮೇಲೆ ದಿನವೂ ಕೊಡವಿ ಹಾಸಿ, ಎಂದೂ ಕೂರದ ಆ ಮಂಚದ ಮೇಲೆ, ಗಾಜಿನ ಚೂರುಗಳನ್ನು ಅಂಗೈಯಲ್ಲಿ ಸರಿಸಿ ಕೂತಳು.

ಪಕ್ಕದ ಕಿಟಕಿಯಿಂದ ಹೊಳೆ ಕಾಣುತ್ತಿತ್ತು. ಹೊಳೆಯಾಚೆಯ ಊರಿನಲ್ಲೂ ದೀಪ ಹಚ್ಚಿದ್ದರು. ನೀರಿನಂಚಿನುದ್ದಕ್ಕೂ ಚಿಕ್ಕಚಿಕ್ಕ ಬೆಳಕಿನ ಸಾಲುಗಳು. ಹೊಸದಾಗಿ ಹಿಡಿದ ಆ ದೊಡ್ಡ ಮನೆಗೂ ಹಚ್ಚಿರುತ್ತಾರೆ. ಅಲ್ಲಿ ಯಾರ ಕೈಲಿ ಹಚ್ಚಿಸಿದರೋ, ಆಲೂಗಡ್ಡೆ ಉರುಳದಂತೆ ಯಾರು ಹಿಡಿದುಕೊಂಡರೋ.

ಮೆಟ್ಟಿಲ ಮೇಲೆ ಬೂಟುಗಳು ಏರಿ ಬರುವ ಸದ್ದಾಯಿತು. ಡೆಲ್ಫಿ ಏಳಲಿಲ್ಲ.